ಕೆಳಗಿನ ಅಗುಳಿ

ಕುಣಿಗಲ್
24 ಸೆಪ್ಟೆಂಬರ್ 2000

ಸಾದಿಕ್ ಭಾಯಿಗೆ ನಿಶಾತ್‌ಳ ಸಲಾಂ.

ನಿನ್ನ ಕ್ಯಾಸೆಟ್ ಬಂತು. ಅಮ್ಮಿ ಮೂರು ಸಲ ಹಾಕಿಸಿಕೊಂಡು ಕೇಳಿದರು. ನೀನು ಕೆಮ್ಮುವ ಜಾಗ ಬಂದಾಗಲೆಲ್ಲ, "ನಿಲ್ಸೇ, ಹಿಂದಕ್ಕೆ ತಿರುಗ್ಸು, ಒಣ ಕೆಮ್ಮೋ ಕಫದ ಕೆಮ್ಮೋ ನೋಡೋಣ" ಅನ್ನುತ್ತಾರೆ. ಅಬ್ಬಾ ಬಾಗಿಲ ಹತ್ತಿರ ನಿಂತೇ ಕೇಳಿದರು. ಮನೆಯಲ್ಲಿ ಉರ್ದು ಆಡುವ ಹುಡುಗ ಕ್ಯಾಸೆಟ್‌ನಲ್ಲಿ ಯಾಕೆ ಕನ್ನಡ ಆಡುತ್ತಾನೆ ಅಂತ ಒಂದು ಸಲ ಕೇಳಿದರು, ಅಷ್ಟೆ. ಉತ್ತರಕ್ಕೆ ನೀವೂ ಕ್ಯಾಸೆಟ್‌ಗೆ ಎರಡು ಮಾತು ತುಂಬಿ ಅಂದರೆ, "ಡಬ್ಬಿ ಜೊತೆ ನಾನೇನು ಮಾತಾಡ್ಲಿ" ಅಂತ ಹೊರಗೆ ಹೋದರು. ಅದಕ್ಕೇ ಎಂದಿನಂತೆ ನಾನೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದಿಕೋ, ಅಕ್ಷರ ದಪ್ಪಕ್ಕೆ ಬರೆದಿದ್ದೇನೆ.

ವಿಷಯ ಏನೆಂದರೆ, ನಮ್ಮ ಕಾಲೇಜಿನಿಂದ ಚರ್ಚಾ ಸ್ಪರ್ಧೆಗೆ ನನ್ನ ಹೆಸರು ಕೊಟ್ಟಿದ್ದಾರೆ. ಮೊದಲ ಸುತ್ತು ಗುಬ್ಬಿಯಲ್ಲಿ, ಅಲ್ಲಿ ಗೆದ್ದವರಿಗೆ ತುಮಕೂರಿನಲ್ಲಿ. "ಇಂದಿನ ನಮ್ಮ ಬದುಕಿನ ಮೇಲೆ ಅತಿ ಹೆಚ್ಚು ಪ್ರಭಾವ ಬೀರಿರುವ ಕ್ರೀಡಾಪಟು ಯಾರು?" ಇದು ವಿಷಯ. ನಾನು ಮಲ್ಲೇಶ್ವರಿ ಹೆಸರು ಕೊಟ್ಟೆ. ಐದು ದಿನದ ಹಿಂದೆ ಸಿಡ್ನಿಯಲ್ಲಿ ಕಂಚು ಗೆದ್ದಳಲ್ಲ, ಅವಳು. ಕ್ಲಾಸಿನಲ್ಲಿ ಹುಡುಗರೆಲ್ಲ ನಕ್ಕರು. ನಮ್ಮ ಕನ್ನಡ ಮೇಷ್ಟ್ರು ಶಿವರಾಮಯ್ಯನವರು ನಗಲಿಲ್ಲ. "ರನ್ನು, ಮೆಡಲು ಎಲ್ಲ ಪೇಪರ್‌ನಲ್ಲಿ ಸಿಗುತ್ತಮ್ಮ. ನೀನು ಒಂದೇ ಪ್ರಶ್ನೆ ಹಿಡ್ಕೊಂಡು ಊರು ಸುತ್ತು. ಯಾರ ಆಟಕ್ಕೋಸ್ಕರ ಕೈಯಲ್ಲಿದ್ದ ಕೆಲಸ ಅರ್ಧಕ್ಕೆ ಬಿಟ್ಟು ಓಡಿದ್ರಿ? ಪ್ರಭಾವ ಅಂದ್ರೆ ಅದೇ ಕಣಮ್ಮ" ಅಂದರು.

ನಿನಗೂ ಅದೇ ಪ್ರಶ್ನೆ. ಬೇಗ ತುಂಬಿ ಕಳಿಸು.

ನಿನ್ನ ತಂಗಿ
ನಿಶಾತ್


ಕ್ಯಾಸೆಟ್, ಶಾರ್ಜಾ
6 ಅಕ್ಟೋಬರ್ 2000, ಶುಕ್ರವಾರ

ಅಸ್ಸಲಾಮು ಅಲೈಕುಂ. ಕೆಂಪು ಗುಂಡಿ ಒತ್ತಿದೀನಿ, ಚಕ್ರ ತಿರುಗ್ತಾ ಐತೆ. ಅಮ್ಮಿ, ಕೆಮ್ಮು ಹೋಯ್ತು. ಧೂಳಿನ ಕೆಮ್ಮು ಅದು. ಇಲ್ಲಿ ಲಾಯದಲ್ಲಿ ಕುದುರೆಗೇ ಕೆಮ್ಮು ಬರುತ್ತೆ, ಅದನ್ನ ನೋಡ್ಕೊಳ್ಳೋ ಸೈಸ್‌ಗೆ ಬರಲ್ವಾ?

ಕನ್ನಡ ಯಾಕೆ ಅಂದ್ರೆ ಅಬ್ಬಾ, ರೂಮಲ್ಲಿ ಆರು ಜನ ಇದೀವಿ. ಉರ್ದು ಎಲ್ರಿಗೂ ತಿಳಿಯುತ್ತೆ. ನಾನು ಮನೆಗೆ ಏನ್ ಹೇಳ್ದೆ ಅಂತ ಆಮೇಲೆ ಊಟಕ್ಕೆ ಕೂತಾಗ ಆಡ್ಕೋತಾರೆ. ಕನ್ನಡ ಬರೋನು ನಾನೊಬ್ನೆ. ಬಾಗ್ಲು ಹಾಕ್ಕೊಂಡಂಗೆ ಇರುತ್ತೆ.

ನಿಶಾತ್, ಇದ್ರಲ್ಲಿ ಚರ್ಚೆ ಏನ್ ಬಂತೇ? ತೆಂಡೂಲ್ಕರ್. ಮುಗೀತು. ಮೈಕ್ ಕೊಟ್ಟು ಮನೆಗೆ ಹೋಗು. ನಿನ್ ಪ್ರಶ್ನೆನ ರೂಮಲ್ಲೂ ಕೇಳ್ದೆ, ಜಗಳ ಆಗೋಯ್ತು. ಪೇಶಾವರದ ಖಾನ್ ವಾಸಿಂ ಅಕ್ರಂ ಅಂದ. ಕೇರಳದ ಜೋಸೆಫ್ ಚೇಟ ಪಿ.ಟಿ. ಉಷಾ ಅಂದ. "ಅವಳು ಓಡಿ ಹದಿನಾರು ವರ್ಷ ಆಯ್ತು, ನಮ್ಮ ಬೀದೀಲಿ ಇವತ್ತಿಗೂ ನಾಲ್ಕು ಉಷಾ ಇದಾರೆ. ನಿಮ್ಮೂರಲ್ಲಿ ಎಷ್ಟು ತೆಂಡೂಲ್ಕರ್ ಇದಾರೆ ಹೇಳು" ಅಂದ. ಆ ಮಾತು ನೀನು ಬರ್ಕೋ, ಉಪಯೋಗಕ್ಕೆ ಬರುತ್ತೆ.

ನಂದು ಕೇಳಿದ್ಯಲ್ಲ. ತೊಂಬತ್ತೆಂಟು ಏಪ್ರಿಲ್, ಇಲ್ಲೇ ಸ್ಟೇಡಿಯಂನಲ್ಲಿ ಮ್ಯಾಚು, ಮಧ್ಯದಲ್ಲಿ ಮರಳುಗಾಳಿ ಎದ್ದು ಆಟ ನಿಂತೋಯ್ತು. ಮತ್ತೆ ಶುರುವಾಯ್ತು ಅಂತ ಯಾರೋ ಕೂಗಿದ್ರು. ನಾನು ಕುದುರೆ ಮೈ ತೊಳೀತಿದ್ದೋನು ಪೈಪ್ ಬಿಟ್ಟು ಟೀವಿ ರೂಮಿಗೆ ಓಡ್ದೆ. ವಾಪಸ್ ಬರೋ ಹೊತ್ಗೆ ಲಾಯದ ಅಂಗಳ ಕೆರೆ ಆಗಿತ್ತು. ಕುದುರೆ ಹಂಗೇ ನಿಂತಿತ್ತು ಪಾಪ, ಗೊರಸು ನೀರಲ್ಲಿ ಇಟ್ಕೊಂಡು. ಇದನ್ನ ಬರ್ಕೋ, ಜನ ನಗ್ತಾರೆ.

ಅಬ್ಬಾನ ಮಾತ್ರ ಕೇಳ್ಬೇಡ. ಅವರಿಗೆ ಆಟ ಅಂದ್ರೆ ಆಗಲ್ಲ.

ಇಷ್ಟೇ. ಖುದಾ ಹಾಫಿಜ್.
ಸಾದಿಕ್


ಕುಣಿಗಲ್
22 ಅಕ್ಟೋಬರ್ 2000

ಸಾದಿಕ್ ಭಾಯಿಗೆ ಸಲಾಂ.

ನಿನ್ನ ಕೆರೆಯ ಕಥೆಗೆ ಅಮ್ಮಿ ನಗಲಿಲ್ಲ. "ಕುದುರೆಗೆ ನೆಗಡಿ ಆಗ್ಲಿಲ್ವಂತಾ?" ಅಂತ ಕೇಳಿದರು.

ನಲವತ್ತು ಜನರನ್ನು ಕೇಳಿ ಮುಗಿಸಿದೆ. ತೆಂಡೂಲ್ಕರ್ ಇಪ್ಪತ್ತಮೂರು. ಕುಂಬ್ಳೆ ಒಂಬತ್ತು, ಹತ್ತು ವಿಕೆಟ್ ತೆಗೆದ ದಿನದ್ದು. ಮಲ್ಲೇಶ್ವರಿ ಐದು, ಐದೂ ಹೆಂಗಸರು. ಬೇರೆಯವರಿಗೆ ಎರಡು. ಕಟಿಂಗ್ ಅಂಗಡಿಯ ಚಿಕ್ಕರಂಗಯ್ಯ ಒಬ್ಬರ ಅರ್ಧ ಕೆನ್ನೆ ಬೋಳಿಸಿ ಹಾಗೇ ಬಿಟ್ಟು ಎದುರಿನ ಹೋಟೆಲಿನ ಟೀವಿಗೆ ಓಡಿದ್ದರಂತೆ. ಆ ಗಿರಾಕಿ ಬೈಯಲಿಲ್ಲವಾ ಅಂದೆ. "ಎಲ್ಲಿ ಬೈತಾನಮ್ಮ, ನೊರೆ ಮೆತ್ಕೊಂಡು ಅವನೂ ನನ್ ಪಕ್ಕದಲ್ಲೇ ನಿಂತಿದ್ದ" ಅಂದರು. ಓಬಳಮ್ಮ ಮಲ್ಲೇಶ್ವರಿಯನ್ನು ನೋಡುತ್ತ ಹಾಲು ಉಕ್ಕಿಸಿಬಿಟ್ಟರು. ಹನುಮಂತಮ್ಮ ಮಾತ್ರ ಯಾರಿಗೂ ಬಿಟ್ಟಿಲ್ಲ. "ನಾನು ಕೆಲ್ಸ ಬುಟ್ಟು ಹೋದ್ರೆ ನನ್ ಎಮ್ಮೆನ ತೆಂಡೂಲ್ಕರ್ ಬಂದು ಕರೀತಾನಾ?" ಅಂದರು. ಅದು ಯಾವ ಲೆಕ್ಕಕ್ಕೂ ಸೇರಲಿಲ್ಲ, ಆದರೂ ಬರೆದುಕೊಂಡೆ.

ನೀನು ಬೇಡ ಅಂದಿದ್ದೆ. ನಾನು ಅಬ್ಬಾನನ್ನು ಕೇಳಲಿಲ್ಲ. ಅವರೇ ಕೇಳಿದರು. ರೊಟ್ಟಿ ತಿನ್ನುತ್ತ, "ಊರೆಲ್ಲ ಕೇಳ್ದೆ, ನನ್ನ ಕೇಳಲ್ವಾ?" ಅಂದರು. ನಿಮಗೆ ಆಟ ಇಷ್ಟ ಇಲ್ಲವಲ್ಲ ಅಂದೆ. ಆಗ ಹೇಳಿದ ಹೆಸರು ಯಾವುದು ಗೊತ್ತಾ? ಚಾಂದನಿ.

ನನಗೆ ಮೊದಲು ಹೊಳೆಯಲೇ ಇಲ್ಲ. ಅವಳು ಸತ್ತಾಗ ನನಗೆ ಹದಿಮೂರು. ಅಬ್ಬಾ ಫಾರಂನಲ್ಲಿ ನೋಡಿಕೊಳ್ಳುತ್ತಿದ್ದ ಕುದುರೆ, ಹಣೆಯ ಮೇಲೆ ಬಿಳಿ ಚುಕ್ಕಿ ಇತ್ತು, ಲಾರಿಗೆ ಸಿಕ್ಕಳು, ಇಷ್ಟೇ ನೆನಪು. ಅಬ್ಬಾ ಹೇಳಿದ್ದು ಹೀಗೆ: "ಅವಳು ಓಡೋಕೆ ನಿಂತ್ರೆ ಮಾರ್ಕೋನಹಳ್ಳಿ ಕಾಲುವೆ ಪಕ್ಕದ ಗದ್ದೇಲಿ ಕಳೆ ಕೀಳೋ ಹೆಂಗಸರು ಸೊಂಟದ ಮೇಲೆ ಕೈ ಇಟ್ಕೊಂಡು ನೋಡೋರು. ಒಂದು ರೇಸೂ ಓಡ್ಲಿಲ್ಲ ಪಾಪ. ಯಾರು ಚಪ್ಪಾಳೆ ತಟ್ತಾರೆ ಅಂತ ನೋಡ್ದೆ ಓಡೋದು ಅವಳೊಬ್ಳೇ." ಆಮೇಲೆ ನಾನು ಮೇಷ್ಟ್ರ ಪ್ರಶ್ನೆ ಕೇಳಿದೆ, ಅವಳಿಗೋಸ್ಕರ ನೀವು ಏನು ಕೆಲಸ ಬಿಟ್ಟಿದ್ದೀರಿ ಅಂತ. ಅಬ್ಬಾ, "ಒಂದೇ ಒಂದು ಸಲ ಅರ್ಧಕ್ಕೆ ಬಿಟ್ಟಿದೀನಿ. ಯಾರ ಆಟಕ್ಕೂ ಅಲ್ಲ. ಕೈ ಮರೀತು. ಅದು ನಿನ್ ಚರ್ಚೆಗೆ ಬೇಡ" ಅಂತ ತಟ್ಟೆ ತೊಳೆಯೋಕೆ ಎದ್ದರು.

ಗುಬ್ಬಿಯ ಸುತ್ತು ನವೆಂಬರ್ ನಾಲ್ಕಕ್ಕೆ. ದುವಾ ಮಾಡು.

ನಿಶಾತ್


ಕ್ಯಾಸೆಟ್, ಶಾರ್ಜಾ
3 ನವೆಂಬರ್ 2000, ಶುಕ್ರವಾರ

ಸಲಾಂ. ಜಾಸ್ತಿ ಮಾತಾಡಲ್ಲ, ಟೈಮಿಲ್ಲ. ಮೊನ್ನೆ ಇಲ್ಲೇ ಫೈನಲ್ಲು, ನಮ್ಮೋರು ಐವತ್ನಾಲ್ಕಕ್ಕೆ ಆಲೌಟು. ಹೋಗ್ಲಿ ಬುಡು.

ನಿಶಾತ್, ಅಬ್ಬಾ "ಕೈ ಮರೀತು" ಅಂದ್ರು ಅಂದ್ಯಲ್ಲ. ಯಾರ್ ಕೈ ಅಂದ್ರು? ಚಾಂದನಿ ಹೋದ ದಿನದ ಮಾತೇನಾ ಅದು? ಅವರು ಹೆಂಗ್ ಹೇಳಿದ್ರೋ ಹಂಗೇ ಬರಿ. ನೀನು ಚೆಂದ ಮಾಡಿ ಬರೀಬೇಡ. ನಾನು ಕೇಳ್ದೆ ಅಂತ ಹೇಳ್ಬೇಡ.

ಕ್ಯಾಸೆಟ್‌ನಲ್ಲಿ ಇನ್ನೂ ಜಾಗ ಐತೆ. ಅಮ್ಮಿಗೆ ಹೇಳು, ಕೆಮ್ಮಿಲ್ಲ.

ಸಾದಿಕ್


ಕುಣಿಗಲ್
16 ನವೆಂಬರ್ 2000

ಸಾದಿಕ್ ಭಾಯಿಗೆ ಸಲಾಂ.

ಗುಬ್ಬಿಯಲ್ಲಿ ಎರಡನೆಯವಳಾಗಿ ಆಯ್ಕೆಯಾದೆ. ನೀನು ಅದರ ಮಾತೇ ಎತ್ತಿರಲಿಲ್ಲ, ಆದರೂ ಹೇಳುತ್ತಿದ್ದೇನೆ. ಮೊದಲನೆಯವನು ಗುಬ್ಬಿಯವನೇ, ಅಂಜನ್‌ಕುಮಾರ್ ಅಂತ, ತೆಂಡೂಲ್ಕರ್ ಕಡೆಯವನು. ಬ್ಯಾಟು ಹಿಡಿದಂತೆ ಕೈ ಆಡಿಸಿಕೊಂಡು ಮಾತಾಡುತ್ತಾನೆ. ವೇದಿಕೆ ಇಳಿದು ಬಂದು, "ಮಲ್ಲೇಶ್ವರಿ ಎಷ್ಟು ಕೆಜಿ ಎತ್ತಿದ್ಳು ಅಂತ ಇಲ್ಲಿ ಎಷ್ಟು ಜನಕ್ಕೆ ಗೊತ್ತು ಹೇಳ್ರೀ?" ಅಂತ ಕಿಚಾಯಿಸಿದ. ಇನ್ನೂರ ನಲವತ್ತು, ನಿನ್ನಂಥ ನಾಲ್ಕು ಜನ ಅಂದೆ. ಅವನ ಸ್ನೇಹಿತರೇ ನಕ್ಕರು.

ನೀನು ಕೇಳಿದ್ದು. ನಾನಾಗಿ ಏನೂ ಸೇರಿಸಿಲ್ಲ. ಮೊನ್ನೆ ಕುದುರೆ ಫಾರಂನ ಒಡೆಯರು ರುದ್ರಯ್ಯ ಸಾಹುಕಾರರು ಮನೆ ಬಾಗಿಲಿಗೇ ಬಂದಿದ್ದರು. ಫಾರಂನಲ್ಲಿ ಎರಡು ಕುದುರೆ ಗಬ್ಬ ಇವೆಯಂತೆ, ಜನವರಿಗೆ ಮರಿ ಹಾಕುತ್ತವೆ. "ನಜೀರ್ ಸಾಹೇಬ್ರೇ, ನಾಲ್ಕು ವರ್ಷ ಹುಲ್ಲು ಕೊಯ್ದಿದ್ದು ಸಾಕು, ಮರಿ ನೋಡ್ಕೊಳ್ಳೋಕೆ ವಾಪಸ್ ಬನ್ನಿ, ನಾನ್ ಯಾವತ್ತೂ ನಿಮ್ಮನ್ನ ತೆಗೀಲಿಲ್ಲ" ಅಂದರು. ನನಗೆ ಆಗಲೇ ಗೊತ್ತಾಗಿದ್ದು. ಅಬ್ಬಾನನ್ನು ಯಾರೂ ಲಾಯದಿಂದ ತೆಗೆದಿರಲಿಲ್ಲ. ಅವರೇ ಬಿಟ್ಟಿದ್ದು.

ಅಬ್ಬಾ ಅವರಿಗೆ ಹೇಳಿದ್ದು: "ಬೇಡ ಸಾಹುಕಾರ್ರೇ. ಅವತ್ತು ಮೇಲಿನ ಅಗುಳಿ ಹಾಕಿದ್ದು ನೆನಪೈತೆ. ಕೆಳಗಿಂದು ಹಾಕಿದ್ದು ನೆನಪೈತೆ ಅಂತ್ಲೇ ನನ್ ತಲೆ ಹೇಳುತ್ತೆ. ಆದ್ರೆ ಬೆಳಿಗ್ಗೆ ನೋಡಿದ್ರೆ ಹಾಕಿರ್ಲಿಲ್ಲ. ಹಾಕ್ದಿದ್ದನ್ನ ಹಾಕ್ದೆ ಅಂತ ಹೇಳೋ ತಲೆ ಇಟ್ಕೊಂಡು, ಮರಿ ಹೆಂಗ್ ನೋಡ್ಲಿ?"

ಅವರು ಈಗ ಪ್ರತಿಯೊಂದನ್ನೂ ಮೂರು ಸಲ ನೋಡುತ್ತಾರೆ ಭಾಯಿ. ಬಾಗಿಲು, ಗ್ಯಾಸು, ನೀರಿನ ನಲ್ಲಿ. ಮಲಗಿದವರು ಎದ್ದು ಹೋಗಿ ಚಿಲಕ ಮುಟ್ಟಿ ಬರುತ್ತಾರೆ. ವಯಸ್ಸಾಯಿತು ಅಂತ ನಾವು ಅಂದುಕೊಂಡಿದ್ದೆವು.

ತುಮಕೂರಿನ ಸುತ್ತು ಇಪ್ಪತ್ತೈದಕ್ಕೆ. ಹೆಬ್ಬೂರಿನ ಮೇಲೆ ಹೋಗುವ ಬಸ್ಸಿಗೆ ಹೋಗುತ್ತೇವೆ, ಅಬ್ಬಾ ಜೊತೆಗೆ ಬರುತ್ತಾರೆ.

ನಿಶಾತ್


ಕ್ಯಾಸೆಟ್, ಶಾರ್ಜಾ
1 ಡಿಸೆಂಬರ್ 2000, ಶುಕ್ರವಾರ

ನಿಶಾತ್, ಇಲ್ಲಿಗೆ ನಿಲ್ಸು. ಅಬ್ಬಾನ ಕರಿ. ಅವರಿಗೆ ಗುಂಡಿ ತೋರ್ಸಿ ನೀನು ಆಚೆ ಹೋಗು. ಅಮ್ಮಿನೂ ಕರ್ಕೊಂಡು ಹೋಗು.

ಅಬ್ಬಾ, ಅಸ್ಸಲಾಮು ಅಲೈಕುಂ.

ಕೆಳಗಿನ ಅಗುಳಿ ನೀವು ಹಾಕಿದ್ರಿ.

ನಾನು ನೋಡಿದೀನಿ. ತೊಂಬತ್ತಾರು ಮಾರ್ಚ್ ಒಂಬತ್ತು, ಶನಿವಾರ. ಬೆಂಗಳೂರಲ್ಲಿ ಪಾಕಿಸ್ತಾನದ ಜೊತೆ ಮ್ಯಾಚು. ನೀವು ಚಾಂದನಿನ ಒಳಗೆ ಬಿಟ್ಟು, ಮೇಲಿಂದು ಹಾಕಿ, ಬಗ್ಗಿ ಕೆಳಗಿಂದು ಹಾಕಿದ್ರಿ. ಟಕ್ ಅಂದಿದ್ದು ನಂಗೆ ಕೇಳಿಸ್ತು. ಆಮೇಲೆ ನೀವು ನಮಾಜಿಗೆ ಹೋದ್ರಿ.

ನಾನು ಅದನ್ನ ತೆಗೆದೆ ಅಬ್ಬಾ. ಸಂಜೆ ಮೇವಿಟ್ಟ ಮೇಲೆ ಬೆಲ್ಲ ಕೊಡಬಾರ್ದು ಅಂತ ನೀವು ಹೇಳ್ತಿದ್ರಿ. ಜೇಬಲ್ಲಿ ಒಂದು ಉಂಡೆ ಇತ್ತು. ಇನ್ನೊಂದು ತಿಂಗಳಿಗೆ ಅವಳು ರೇಸಿಗೆ ಬೆಂಗಳೂರಿಗೆ ಹೋಗ್ತಾಳಲ್ಲ, ಇನ್ನೆಷ್ಟು ದಿನ ಅಂತ ಒಳಗೆ ಹೋಗಿ ಕೊಟ್ಟೆ. ಅಷ್ಟರಲ್ಲಿ ಕ್ವಾರ್ಟರ್ಸ್ ಕಡೆ ಒಂದೇ ಸಮ ಕೂಗು. ಜಡೇಜ ಹೊಡೀತಾ ಇದ್ದ, ಕೊನೆ ಓವರ್‌ಗಳು. ನಾನು ಆಚೆ ಬಂದು ಮೇಲಿಂದು ಎಳೆದೆ, ಓಡ್ದೆ. ಬಗ್ಗಲಿಲ್ಲ. ವಾಪಸ್ ಬಂದು ಹಾಕಿದ್ರಾಯ್ತು ಅನ್ಕೊಂಡೆ. ಆಮೇಲೆ ಪಾಕಿಸ್ತಾನದ ಬ್ಯಾಟಿಂಗ್ ಶುರುವಾಯ್ತು. ನಾನು ವಾಪಸ್ ಹೋಗ್ಲೇ ಇಲ್ಲ. ಮೇಲಿನ ಅಗುಳಿ ತುಟೀಲಿ ತೆಗೆಯೋದು ಅವಳಿಗೆ ಬರ್ತಿತ್ತು. ಅದಕ್ಕೇ ತಾನೇ ಕೆಳಗೂ ಒಂದು ಇಟ್ಟಿದ್ದು.

ಬೆಳಿಗ್ಗೆ ಡಾಕ್ಟ್ರು ರಸ್ತೆ ಪಕ್ಕ ಅವಳಿಗೆ ಇಂಜೆಕ್ಷನ್ ಕೊಟ್ಟು ಹೋದ ಮೇಲೆ, ನೀವು ಸಾಹುಕಾರ್ರ ಹತ್ರ "ನನ್ನ ಕೈಲಿ ತಪ್ಪಾಯ್ತು" ಅಂದ್ರಿ. ನಾನು ಪಕ್ಕದಲ್ಲೇ ಇದ್ದೆ. ನೀವು ನನ್ ಮುಖ ನೋಡ್ಲಿಲ್ಲ. ನಿಮಗೆ ಗೊತ್ತು, ಗೊತ್ತಿದ್ದೇ ನನ್ನ ಉಳಿಸಿದ್ರಿ, ಅದಕ್ಕೇ ನನ್ ಜೊತೆ ಮಾತು ಬಿಟ್ರಿ ಅನ್ಕೊಂಡೆ. ಒಂದು ವರ್ಷ ಹಂಗೇ ಇದ್ದೆ. ಅಫ್ತಾಬ್ ಮಾಮು ವೀಸಾ ಕಳಿಸಿದಾಗ ಎದ್ದು ಬಂದ್ಬಿಟ್ಟೆ. ನೀವು ಬಸ್‌ಸ್ಟಾಂಡಿಗೂ ಬರ್ಲಿಲ್ಲ, ಸರಿಯಾಗೇ ಐತೆ ಅನ್ಕೊಂಡೆ.

ನಿಮಗೆ ಗೊತ್ತಿಲ್ಲ ಅಂತ ನಂಗೆ ಗೊತ್ತಾಗಿದ್ದು ಈಗ, ನಿಶಾತ್ ಕಾಗದ ನೋಡಿ.

ನಿಮ್ ತಲೆ ಸರಿಯಾಗೇ ಐತೆ ಅಬ್ಬಾ. ಹಾಕಿದ್ದನ್ನೇ ಹಾಕ್ದೆ ಅಂತ ಹೇಳ್ತಾ ಐತೆ.

ಇನ್ನೇನೂ ಇಲ್ಲ. ಮುಂದೆ ಖಾಲಿ.

ಸಾದಿಕ್


ಕುಣಿಗಲ್
17 ಡಿಸೆಂಬರ್ 2000

ಸಾದಿಕ್ ಭಾಯಿಗೆ,

ಕ್ಯಾಸೆಟ್ ಮಂಗಳವಾರ ಬಂತು. ನೀನು ಹೇಳಿದಂತೆ ನಾನು, ಅಮ್ಮಿ ಹೊರಗೆ ಕೂತೆವು. ಅಮ್ಮಿ ಅಕ್ಕಿ ಆರಿಸುತ್ತಿದ್ದರು, ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದರು. ಅಬ್ಬಾ ತುಂಬ ಹೊತ್ತು ಹೊರಗೆ ಬರಲಿಲ್ಲ. ಮಸೀದಿಯಲ್ಲಿ ಸಂಜೆಯ ಬಾಂಗ್ ಆಯಿತು. ಬಂದು ಖರ್ಜೂರ ಬಾಯಿಗೆ ಹಾಕಿಕೊಂಡು ರಂಜಾನಿನ ರೋಜಾ ಮುರಿದರು. ನೀರು ಕುಡಿದರು. ಆಮೇಲೆ ನನ್ನನ್ನು ಕೇಳಿದ್ದು ಒಂದೇ ಮಾತು:

"ಜಡೇಜ ಅಂದ್ರೆ ಯಾರು?"

ಹೇಳಿದೆ. ಆ ಮ್ಯಾಚಿನಲ್ಲಿ ಇಪ್ಪತ್ತೈದು ಬಾಲಿಗೆ ನಲವತ್ತೈದು ಹೊಡೆದ ಅಂತ. "ಇಪ್ಪತ್ತೈದೇ ಬಾಲಾ?" ಅಂದರು. ಹೌದು ಅಂದೆ. ತಲೆ ಆಡಿಸಿದರು.

ಮಾರನೆಯ ದಿನ ನಮಗೆ ಎಲ್ಲ ಹೇಳಿದರು. ಅಮ್ಮಿ ಅತ್ತರು. ನಿನ್ನ ಮೇಲೆ ಅಬ್ಬಾಗೆ ಕೋಪ ಇಲ್ಲ ಅಂತ ನಾನು ಬರೆದರೆ ಸುಳ್ಳಾಗುತ್ತದೆ. ಮೂರು ದಿನ ನಿನ್ನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದರು. "ನಾಲ್ಕು ವರ್ಷ ನನ್ ಕೈನ ನಾನೇ ನಂಬಲಿಲ್ಲ ಜಮಾಲು" ಅಂತ ಅಮ್ಮಿ ಹತ್ತಿರ ಹೇಳಿದ್ದು ನನಗೆ ಕೇಳಿಸಿತು.

ಸ್ಪರ್ಧೆಯದ್ದು ಬರೆಯಲೋ ಬೇಡವೋ ಗೊತ್ತಾಗುತ್ತಿಲ್ಲ. ಬರೆದುಬಿಡುತ್ತೇನೆ. ತುಮಕೂರಿನಲ್ಲೂ ಅಂಜನ್‌ಕುಮಾರನಿಗೇ ಮೊದಲ ಬಹುಮಾನ. ಅವನೂ ಜನ ಕೆಲಸ ಬಿಟ್ಟು ಓಡಿದ್ದನ್ನೇ ಹೇಳಿದ, ನಮ್ಮ ಮೇಷ್ಟ್ರಿಗೆ ಹೊಳೆದದ್ದು ಅವರ ಮೇಷ್ಟ್ರಿಗೂ ಹೊಳೆದಿದೆ. ನನ್ನ ಸರದಿ ಬಂದಾಗ ಬರೆದುಕೊಂಡಿದ್ದನ್ನು ಬಿಟ್ಟೆ. ಕೆಲಸ ಬಿಡಿಸಿದವರ ಲೆಕ್ಕ ಆಯಿತು, ಕೆಲಸಕ್ಕೆ ಕೈ ಹಾಕಿಸಿದವರು ಯಾರು ಅಂತ ಕೇಳಿದೆ. ನಮ್ಮ ಓಬಳಮ್ಮ ಗ್ಯಾಸ್ ಸಿಲಿಂಡರ್ ಎತ್ತಿಡೋಕೆ ಎದುರುಮನೆ ಗಂಡಸಿಗೆ ಕಾಯುತ್ತಿದ್ದವರು, ಹಾಲು ಉಕ್ಕಿಸಿದ ಮಾರನೆಯ ದಿನ ತಾವೇ ಎತ್ತಿಟ್ಟರು, "ಅವಳು ಅಷ್ಟು ಎತ್ತಿದ್ಳು, ನಾನು ಇಷ್ಟಾದ್ರೂ ಎತ್ತಬೇಡ್ವಾ" ಅಂದರು, ಅಂತ ಹೇಳಿದೆ. ಎರಡನೇ ಬಹುಮಾನ ಬಂತು. ಅಬ್ಬಾ ಕೊನೆಯ ಸಾಲಿನಲ್ಲಿ ಕೂತಿದ್ದರು. ಬಸ್ಸಿನಲ್ಲಿ, "ಚಾಂದನಿ ಹೆಸರು ಹೇಳ್ಬೋದಿತ್ತು" ಅಂದರು. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ.

ನಿನ್ನೆ ಸಂಜೆ ಟೇಪ್‌ರೆಕಾರ್ಡರ್‌ಗೆ ಹೊಸ ಸೆಲ್ಲು ಹಾಕಿಸಿಕೊಂಡರು. ಕೆಂಪು ಗುಂಡಿ ಯಾವುದು ಅಂತ ಎರಡು ಸಲ ಕೇಳಿ, ಕಂಕುಳಲ್ಲಿ ಇಟ್ಟುಕೊಂಡು ಒಬ್ಬರೇ ಫಾರಂ ಕಡೆ ನಡೆದರು. ಕ್ಯಾಸೆಟ್ ಇದರ ಜೊತೆಗಿದೆ. ನಾನು ಕೇಳಿಲ್ಲ.

ನಿಶಾತ್


ಕ್ಯಾಸೆಟ್, ಕುಣಿಗಲ್
16 ಡಿಸೆಂಬರ್ 2000, ಶನಿವಾರ

ಓಡ್ತಾ ಐತಾ ಇದು? ... ಓಡ್ತಾ ಐತೆ.

ಸಾದಿಕ್. ನಿನ್ ಅಬ್ಬಾ ಮಾತಾಡ್ತಾ ಇರೋದು. ನಿಂಗೆ ಬಾಗ್ಲು ಹಾಕ್ಕೊಂಡು ಮಾತಾಡೋಕೆ ಕನ್ನಡ ಬೇಕಂತಲ್ಲ, ಅದಕ್ಕೆ ನಾನೂ ಕನ್ನಡದಲ್ಲೇ ಹೇಳ್ತೀನಿ.

ಮೇವಿಟ್ಟ ಮೇಲೆ ಬೆಲ್ಲ ಕೊಡಬಾರ್ದು. ಎಷ್ಟು ಸಲ ಹೇಳಿದ್ದೆ ನಿಂಗೆ? ಅಲ್ಲಿ ಅರಬರ ಕುದುರೆಗೂ ಕೊಡ್ತಿದೀಯೋ ಏನೋ. ಕೊಡ್ಬೇಡ. ಪೈಪ್ ಬಿಟ್ಟು ಓಡಬೇಡ. ಜಡೇಜ ಹೊಡೀಲಿ, ಇನ್ಯಾರಾದ್ರೂ ಹೊಡೀಲಿ. ಅವರು ಹೊಡೆದಿದ್ದು ಪೇಪರ್‌ನಲ್ಲಿ ಬರುತ್ತೆ, ನಾಳೆ ಓದ್ಕೋ.

ಚಾಂದನಿ ವಿಷ್ಯ ಮಾಫ್ ಮಾಡು ಅಂತ ನೀನು ಕೇಳ್ಲಿಲ್ಲ. ಒಳ್ಳೇದಾಯ್ತು. ಅದು ನಾನು ಮಾಡೋದಲ್ಲ. ಅವಳು ಮಾಡ್ಬೇಕಿತ್ತು, ಅವಳಿಲ್ಲ.

ನಾನು ಅವತ್ತು ನಿನ್ ಮುಖ ಯಾಕೆ ನೋಡ್ಲಿಲ್ಲ ಅಂತ ಹೇಳ್ತೀನಿ. ನಾಚಿಕೆ ಆಗಿತ್ತು. ಮಗನಿಗೆ ಕೆಲ್ಸ ಕಲಿಸೋನು, ಮಗನ ಎದುರಿಗೇ ಇಂಥ ತಪ್ಪು ಮಾಡ್ದೆ ಅಂತ. ಬಸ್‌ಸ್ಟಾಂಡಿಗೂ ಅದಕ್ಕೇ ಬರ್ಲಿಲ್ಲ. ಹೊಟೇಲ್ ಮರೆಯಲ್ಲಿ ನಿಂತಿದ್ದೆ, ಬಸ್ ಹೋಗೋವರೆಗೂ. ನೀಲಿ ಚೀಲ ಇತ್ತು ನಿನ್ ಕೈಲಿ.

ಈಗ ಲಾಯದಲ್ಲಿ ನಿಂತಿದೀನಿ. ಈ ಬುಸುಗುಟ್ಟೋದು ಕೇಳಿಸ್ತಾ ಐತಲ್ಲ, ಇವಳು ಜನವರಿಗೆ ಮರಿ ಹಾಕೋಳು. ಸಾಹುಕಾರ್ರಿಗೆ ಹೇಳಿದೀನಿ, ನಾಳೆಯಿಂದ ಬರ್ತೀನಿ ಅಂತ. ಇವಳನ್ನ ಒಳಗೆ ಬಿಟ್ಟು ಆಯ್ತು. ಬಾಗ್ಲು ಎಳ್ಕೊಂಡೆ. ಸುಮ್ನಿರು, ಕೇಳು.

ಇದು ಮೇಲಿಂದು.

ಇದು ಕೆಳಗಿಂದು.

ಕೇಳಿಸ್ತಾ? ಅಷ್ಟೆ. ಒಂದೇ ಸಲ ಹಾಕಿದೀನಿ. ಇನ್ನು ತಿರುಗಿ ನೋಡ್ದೆ ಮನೆಗೆ ಹೋಗ್ತೀನಿ.

ರಜಾ ಸಿಕ್ದಾಗ ಬಾ. ನೀನು ಬಂದ ಸಂಜೆ ಈ ಬಾಗ್ಲು ನೀನೇ ಹಾಕು. ನಾನು ಹಿಂದೆ ಬಂದು ಮುಟ್ಟಿ ನೋಡಲ್ಲ.

ನಿನ್ ಅಬ್ಬಾ
ನಜೀರ್ ಅಹಮದ್